ಸೀರಿಯಸ್ ಬಕ್ಕಪ್ಪ

ನಮ್ಮ ಕಡೆ ಫೋನಿನಲ್ಲಿ ಯಾರೂ ಸಾಯುವುದಿಲ್ಲ. ಎಲ್ಲರೂ ಸೀರಿಯಸ್ ಆಗುತ್ತಾರೆ. ಹೆಣಕ್ಕೆ ಸ್ನಾನ ಮಾಡಿಸಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ ಮೇಲೂ ಪುಣೆಯಲ್ಲಿರುವ ಮಗನಿಗೆ ‘ಸ್ವಲ್ಪ ಸೀರಿಯಸ್ ಅದ, ಜಲ್ದಿ ಬಾ’ ಎಂದೇ ಹೇಳಬೇಕು. ಮಗನೂ ಯಾವ ಆಸ್ಪತ್ರೆ ಎಂದು ಕೇಳುವುದಿಲ್ಲ. ‘ಮಣ್ಣು ಎಷ್ಟಕ್ಕ?’ ಎಂದು ಹೂಳುವ ಹೊತ್ತನ್ನು ಕೇಳುತ್ತಾನೆ. ಲಿಂಗಾಯತರು ಮಣ್ಣು ಎನ್ನುತ್ತಾರೆ, ನಾವು ಮುಸಲ್ಮಾನರು ಮಿಟ್ಟಿ ಎನ್ನುತ್ತೇವೆ. ಗುಂಡಿ ತೋಡುವ ರೀತಿ ಬೇರೆ, ಅದರ ಮುಂದೆ ನಿಂತು ಹೇಳುವುದು ಬೇರೆ. ಫೋನಿನಲ್ಲಿ ಮಾತ್ರ ಎಲ್ಲರಿಗೂ ಒಂದೇ ಶಬ್ದ. ಬಸವಕಲ್ಯಾಣದಲ್ಲಿ ಆ ಶಬ್ದವನ್ನು ಬಕ್ಕಪ್ಪನಷ್ಟು ಚೆನ್ನಾಗಿ ಹೇಳುವವನು ಇನ್ನೊಬ್ಬನಿರಲಿಲ್ಲ.

ನನ್ನ ಹೆಸರು ಅಲ್ತಾಫ್. ಬಸ್ ನಿಲ್ದಾಣದಿಂದ ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಗೋಡೆಗೆ ಗೋಡೆ ಹತ್ತಿದ್ದು ಬಕ್ಕಪ್ಪನ ಎಸ್‌ಟಿಡಿ ಬೂತು. ಆಮೇಲೆ ಬೂತು ಹೋಗಿ ಝೆರಾಕ್ಸು, ರೀಚಾರ್ಜು ಬಂದವು. ಗಾಜಿನ ಗೂಡು ಮಾತ್ರ ಹಾಗೇ ಉಳಿಯಿತು, ಅದರಲ್ಲಿ ಈಗ ಕಸಬರಿಗೆ ಇಡುತ್ತಾನೆ. ಅವನು ಒಂದು ಮನೆಯ ಸುದ್ದಿ ಮುಟ್ಟಿಸಿದ ವಾರದೊಳಗೆ ಆ ಮನೆಯಲ್ಲಿ ಸತ್ತವರ ಫೋಟೋ ನನ್ನ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಕೆಳಗೆ ‘ಲಿಂಗೈಕ್ಯ’ ಎಂದು ಬರೆಸಿ, ಮುಂದೆ ಕೆಂಪು ಬಲ್ಬು ಇರುವ ಕಟ್ಟು ಹಾಕಿಸಿಕೊಂಡು ಹೋಗುತ್ತಿದ್ದರು. ಜನ ನಮ್ಮಿಬ್ಬರನ್ನು ಪಾರ್ಟನರ್ ಎಂದು ಕರೆದು ನಗುತ್ತಿದ್ದರು.

ಇದು ಶುರುವಾದದ್ದು ಬೂತಿನ ಕಾಲದಲ್ಲಿ. ಯಾರೋ ಒಬ್ಬ, ತಂದೆಯನ್ನು ಕಳೆದುಕೊಂಡವನು, ಮುಂಬೈಯಲ್ಲಿದ್ದ ತಮ್ಮನಿಗೆ ತಿಳಿಸಲು ಬಂದ. ನಂಬರು ಹತ್ತಿತು, ಆ ಕಡೆ ತಮ್ಮ ಹಲೋ ಎಂದ. ಈ ಕಡೆ ಇವನು ರಿಸೀವರನ್ನು ಬಕ್ಕಪ್ಪನ ಕೈಗೆ ತುರುಕಿ ನೆಲಕ್ಕೆ ಕುಕ್ಕರಿಸಿದ. ಬಕ್ಕಪ್ಪ ಆಗ ಹೊಸದಾಗಿ ಮದುವೆಯಾಗಿದ್ದ ಹುರುಪಿನ ಮನುಷ್ಯ. “ನಿಮ್ಮ ಅಪ್ಪಾರಿಗೆ ಸ್ವಲ್ಪ ಸೀರಿಯಸ್ ಅದರಿ. ಗಾಬ್ರಿ ಆಗಬ್ಯಾಡ್ರಿ. ಜಲ್ದಿ ಬರ್ರಿ” ಎಂದ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬರುವವನು ನೆಟ್ಟಗೆ ಬಂದು ಮುಟ್ಟಲಿ ಎಂಬುದಷ್ಟೇ ಅವನ ಮನಸ್ಸಿನಲ್ಲಿತ್ತು. ಅದು ಒಳ್ಳೆಯ ಸುಳ್ಳು, ನಾನೂ ಒಪ್ಪುತ್ತೇನೆ. ಆದರೆ ಒಳ್ಳೆಯ ಸುಳ್ಳು ಹೇಳಿದವನಿಗೆ ಜನ ಚಹಾ ಕುಡಿಸುತ್ತಾರೆ, ಬೆನ್ನು ತಟ್ಟುತ್ತಾರೆ, ಮತ್ತೊಂದು ಹೆಣ ಬಿದ್ದಾಗ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಬಕ್ಕಪ್ಪನಿಗೆ ಆ ಚಹಾದ ರುಚಿ ಹತ್ತಿತು.

ಬರಬರುತ್ತಾ ಅವನು ಅದರಲ್ಲಿ ಪಳಗಿದ. ಮುದುಕರಾದರೆ ಬರೀ ಸೀರಿಯಸ್. ಹರೆಯದವರಾದರೆ ‘ಗಾಡಿ ಮ್ಯಾಲಿಂದ ಬಿದ್ದಾನ, ಸ್ವಲ್ಪ ಪೆಟ್ಟ ಹತ್ತೇದ’. ಆ ಕಡೆಯವರು ನಂಬದಂತೆ ಕಂಡರೆ ‘ದೇವರಾಣಿ, ಉಸುರು ಅದ’ ಎನ್ನುತ್ತಿದ್ದ. ಅದಕ್ಕೂ ಬಗ್ಗದಿದ್ದರೆ ಕೊನೆಯದೊಂದು ಮಾತು ಅವನ ಹತ್ತಿರ ಇತ್ತು: ‘ನಿಮ್ಮ ಹೆಸರ ಹಿಡದು ಕರಿಯಾಕತ್ತಾರ.’ ಈ ಮಾತಿಗೆ ಕಲ್ಲೂ ಎದ್ದು ಬಸ್ಸು ಹತ್ತುತ್ತಿತ್ತು.

ಒಮ್ಮೆ ಬೇಮಳಖೇಡದ ಹೆಂಗಸೊಬ್ಬಳು ಬಂದಳು. ಗಂಡ ಹೈದರಾಬಾದಿನಲ್ಲಿ ದುಡಿಯುತ್ತಿದ್ದ. ಮನೆಯ ಎಮ್ಮೆ ಹಾವು ಕಚ್ಚಿ ಸತ್ತಿತ್ತು. ಅದನ್ನೂ ಬಕ್ಕಪ್ಪನೇ ಹೇಳಬೇಕಂತೆ. ಅವನು ಕಣ್ಣು ಮಿಟುಕಿಸದೆ, “ಎಮ್ಮಿಗಿ ಸ್ವಲ್ಪ ಸೀರಿಯಸ್ ಅದ” ಎಂದ. ಆ ಕಡೆ ಗಂಡಸು ಅತ್ತದ್ದು ರಿಸೀವರಿನ ಹೊರಗೂ ಕೇಳಿಸಿತು. ನಾವು ತಿಂಗಳುಗಟ್ಟಲೆ ಅದನ್ನು ಹೇಳಿಕೊಂಡು ನಕ್ಕೆವು. ಆ ಹೆಂಗಸು ಮಾತ್ರ ಬೂತಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದಳು. ಅವಳ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಆ ಎಮ್ಮೆಯ ಕೂಗಿನಿಂದ ಎಂದು ಅವಳು ನನ್ನ ಹೆಂಡತಿ ಅನ್ವರಿಯ ಹತ್ತಿರ ಹೇಳಿಕೊಂಡಳಂತೆ.

ಅವನ ಸ್ವಂತ ಮನೆಯಲ್ಲಿ ಸಾವಾದಾಗ ಈ ವಿದ್ಯೆ ಕೆಲಸಕ್ಕೆ ಬರಲಿಲ್ಲ. ಹೆಂಡತಿ ವಿದ್ಯಾವತಿ ಹೆತ್ತ ಹೆಣ್ಣುಕೂಸು ಅಳಲೇ ಇಲ್ಲ. ಬಟ್ಟೆಯಲ್ಲಿ ಸುತ್ತಿ ಕೊಟ್ಟರು, ಮಧ್ಯಾಹ್ನದೊಳಗೆ ಮಣ್ಣು ಮಾಡಿ ಬಂದ. ಬಂದವನು ಬೂತಿನೊಳಗೆ ನಿಂತು ರಿಸೀವರ್ ಎತ್ತಿದ, ಯಾವ ನಂಬರನ್ನೂ ಒತ್ತದೆ ಇಟ್ಟ. ಹೆಸರಿಡದ ಕೂಸಿಗಾಗಿ ಯಾರನ್ನು ಕರೆಯುವುದು? ಸೀರಿಯಸ್ ಎನಿಸಿಕೊಳ್ಳಲಿಕ್ಕೂ ಸ್ವಲ್ಪ ಹೊತ್ತು ಬದುಕಿರಬೇಕಲ್ಲ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ನನ್ನ ತಾಯಿ ಹೋದಾಗಲೂ ಫೋನು ಮಾಡಿದವನು ಅವನೇ. ನನ್ನ ತಂಗಿ ಕರೀಮಾಳನ್ನು ಹುಮನಾಬಾದಿಗೆ ಕೊಟ್ಟಿದೆ. ಅಮ್ಮಿ ನಿದ್ದೆಯಲ್ಲಿ ಹೋಗಿದ್ದಳು, ಒಂದು ಮಾತಿಲ್ಲ, ಒಂದು ನರಳಾಟವಿಲ್ಲ. ಬಕ್ಕಪ್ಪ ಕರೀಮಾಳಿಗೆ ‘ನಿನ್ನ ಹೆಸರ ಹಿಡದು ಕರಿಯಾಕತ್ತಾರವ್ವಾ’ ಎಂದ. ಅವಳು ಎರಡು ಕಾಲಿಗೆ ಎರಡು ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಓಡಿ ಬಂದಳು. ಅಂದಿನಿಂದ ಕಲ್ಯಾಣಕ್ಕೆ ಬಂದಾಗಲೆಲ್ಲ ಮೊದಲು ಬೂತಿಗೆ ಹೋಗುತ್ತಾಳೆ.

“ಬಕ್ಕಪ್ಪಣ್ಣಾ, ಅಮ್ಮಿ ಖರೇನ ನನ್ನ ಕರದಿದ್ಳಾ?”

“ಕರದಿದ್ರವ್ವಾ. ಎರಡ ಸಲ ಕರದ್ರು.”

ಆ ‘ಎರಡ ಸಲ’ ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವನಿಗೆ ಅದು ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟಂತೆ. ಅವಳು ಅದನ್ನು ಮನೆಗೆ ಒಯ್ದು, ಒಂದು ಬಸ್ಸು ಮೊದಲೇ ಹತ್ತಿದ್ದರೆ ಅಮ್ಮಿಯ ಬಾಯಿಗೆ ನೀರು ಬಿಡುತ್ತಿದ್ದೆನಲ್ಲ ಎಂದು ವರ್ಷಗಟ್ಟಲೆ ಎದೆ ಬಡಿದುಕೊಂಡಳು. ಸತ್ತ ತಾಯಿಯ ದುಃಖ ಒಂದು ದಿನ ಆರುತ್ತಿತ್ತು. ಇವನು ಕೊಟ್ಟದ್ದು ಆರಲಿಲ್ಲ.

ಊರಿನವರು ಅವನಿಗೆ ಸೀರಿಯಸ್ ಬಕ್ಕಪ್ಪ ಎಂದೇ ಹೆಸರಿಟ್ಟರು. ಮೊಬೈಲು ಬಂದ ಮೇಲೆ ಅವನ ಹೆಸರು ಪರದೆಯ ಮೇಲೆ ಮೂಡಿದರೆ ಸಾಕು, ಎತ್ತುವ ಮೊದಲೇ ಹೆಂಗಸರು ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದರು. ರೀಚಾರ್ಜು ಮುಗಿದಿದೆ ಎಂದು ಹೇಳಲು ಫೋನು ಮಾಡಿದರೂ ಆ ಕಡೆ ಯಾರೋ ಚೀರುತ್ತಿದ್ದರು. ಅದಕ್ಕೆ ಅವನಿಗೆ ಬೇಸರವಿರಲಿಲ್ಲ. ಒಳಗೊಳಗೇ ಹೆಮ್ಮೆಯಿತ್ತು.

ಈ ಹೆಮ್ಮೆಯ ಕಂದಾಯ ಕಟ್ಟಿದವಳು ವಿದ್ಯಾವತಿ.

ಅವಳ ತವರು ಹುಮನಾಬಾದಿನ ಪಕ್ಕದ ಹುಡಗಿ ಎಂಬ ಊರು. ಒಬ್ಬನೇ ತಮ್ಮ, ವೀರಭದ್ರ. ತಾಯಿ ಹೊಲಕ್ಕೆ ಹೋದರೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಅವನ ಭಾರಕ್ಕೆ ತನ್ನ ಸೊಂಟ ಒಂದು ಕಡೆ ವಾಲಿದೆ ಎಂದು ನಮಗೆಲ್ಲ ತೋರಿಸಿ ನಗುತ್ತಿದ್ದಳು. ನಾಗರ ಪಂಚಮಿಗೆ ವೀರಭದ್ರ ಸೀರೆ ತೆಗೆದುಕೊಂಡು ಬಂದು ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದ. ಮಕ್ಕಳಿಲ್ಲದ ಅವಳಿಗೆ ವರ್ಷವೆಂದರೆ ಆ ಒಂದು ಹಬ್ಬ.

ಒಂದು ಸಲ ಅವಳ ತಾಯಿ ಕಲ್ಯಾಣಕ್ಕೆ ಬಂದು ಮಗಳ ಮನೆಯಲ್ಲಿದ್ದಳು. ಮಧ್ಯಾಹ್ನ ಊಟ ಮಾಡಿ ಮಲಗಿದ ಮುದುಕಿ ಏಳಲಿಲ್ಲ. ಬಕ್ಕಪ್ಪ ಅಭ್ಯಾಸದಂತೆ ಹುಡಗಿಗೆ ಫೋನು ಮಾಡಿದ. ಸೀರಿಯಸ್ ಅದ ಎಂದ, ಉಸುರು ಅದ ಎಂದ, ನಿನ್ನ ಹೆಸರ ಹಿಡದು ಕರಿಯಾಕತ್ತಾರ ಎಂದ. ಬೇರೆ ಯಾರೇ ಆಗಿದ್ದರೂ ಅರ್ಥ ಮಾಡಿಕೊಳ್ಳುತ್ತಿದ್ದರು. ವೀರಭದ್ರ ನಂಬಿದ. ತಾಯಿಯ ವಿಷಯದಲ್ಲಿ ಅವನಿಗೆ ನಂಬಬೇಕಾಗಿತ್ತು. ಹುಮನಾಬಾದಿನಲ್ಲಿ ಒಬ್ಬ ಡಾಕ್ಟರರ ಕಾಲು ಹಿಡಿದು, ದವಾಖಾನೆ ಮುಚ್ಚಿಸಿ, ಆಕ್ಸಿಜನ್ ಸಿಲಿಂಡರಿನ ಸಮೇತ ಜೀಪಿನಲ್ಲಿ ಕೂರಿಸಿಕೊಂಡು ಬಂದ.

ಓಣಿಯಲ್ಲಿ ಜೀಪು ನಿಂತಾಗ ಮುದುಕಿ ಹಣೆತುಂಬ ವಿಭೂತಿ, ಕೊರಳ ತುಂಬ ಹಾರ ಹಾಕಿಕೊಂಡು ಗೋಡೆಗೊರಗಿ ಕೂತಿದ್ದಳು. ಭಜನೆ ನಡೆದಿತ್ತು. ಡಾಕ್ಟರರು ಚೀಲ ಹಿಡಿದು ಬಾಗಿಲಲ್ಲಿ ನಿಂತರು, ಹಿಂದೆ ವೀರಭದ್ರ ಸಿಲಿಂಡರ್ ಅಪ್ಪಿಕೊಂಡು ನಿಂತಿದ್ದ. ಸಾವಿನ ಮನೆಯಲ್ಲಿ ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಯಾರು ನಕ್ಕರು ಎಂದು ಇವತ್ತಿಗೂ ಗೊತ್ತಿಲ್ಲ.

ವೀರಭದ್ರ ಸಿಲಿಂಡರ್ ಕೆಳಗಿಟ್ಟು, “ಅವ್ವ ನನ್ನ ಕರದಿದ್ಳೇನು?” ಎಂದು ಕೇಳಿದ.

“ಕರದಿದ್ರೋ,” ಎಂದ ಬಕ್ಕಪ್ಪ.

“ಇಲ್ಲ ತಮ್ಮಾ,” ಎಂದಳು ವಿದ್ಯಾವತಿ. “ಉಂಡು ಮಲಗಿದಾಕಿ ಹಂಗ ಹೋದ್ಳು. ಸುಳ್ಳ್ಯಾಕ ಹೇಳ್ಲಿ.”

ಅವಳು ಖರೇ ಹೇಳಿದ್ದೇ ತಪ್ಪಾಯಿತು. ಗಂಡ ಹೇಳಿದ ಸುಳ್ಳನ್ನು ವೀರಭದ್ರ ಒಂದು ದಿನ ಕ್ಷಮಿಸುತ್ತಿದ್ದನೇನೋ, ತಾಯಿಯ ಬಾಯಿಂದ ತನ್ನ ಹೆಸರನ್ನು ಕಿತ್ತುಕೊಂಡ ಅಕ್ಕನನ್ನು ಕ್ಷಮಿಸಲಿಲ್ಲ. ಮಣ್ಣು ಮುಗಿಸಿ ಹೋದವನು ಆ ವರ್ಷ ಪಂಚಮಿಗೆ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ವಿದ್ಯಾವತಿ ಪ್ರತಿ ಪಂಚಮಿಗೆ ಬೆಳಗ್ಗೆ ತಲೆಗೆ ಎರೆದುಕೊಂಡು ಬಾಗಿಲಲ್ಲಿ ಕೂರುತ್ತಿದ್ದಳು. ಬಕ್ಕಪ್ಪ ಒಂದು ವರ್ಷ ತಾನೇ ಸೀರೆ ತಂದು ‘ಹುಡಗಿಯಿಂದ ಬಂದದ’ ಎಂದು ಕೊಟ್ಟ. ಅವಳು ಮಡಿಕೆ ಬಿಚ್ಚದೆ ಅನ್ವರಿಗೆ ಕೊಟ್ಟುಬಿಟ್ಟಳು.

ಹೀಗೆ ಬಹಳ ವರ್ಷ ಕಳೆದವು. ಎರಡು ವರ್ಷದ ಕೆಳಗೆ, ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಡೆಂಗಿ ಜ್ವರ ಬಂತು. ಮೂಗಿನಲ್ಲಿ, ಒಸಡಿನಲ್ಲಿ ರಕ್ತ. ಇಲ್ಲಿಯದೇ ಒಂದು ಖಾಸಗಿ ಆಸ್ಪತ್ರೆಯ ಐಸಿಯುವಿನಲ್ಲಿ ಹಾಕಿದರು. ಡಾಕ್ಟರರು ಬೆಳಗ್ಗೆ ಹೊರಗೆ ಬಂದು, ಹತ್ತಿರದವರಿದ್ದರೆ ಕರೆಸಿಕೊಳ್ಳಿ ಎಂದರು. ಬಕ್ಕಪ್ಪ ಒಳಗೆ ಹೋದಾಗ ಅವಳು ಆಕ್ಸಿಜನ್ ಮುಖವಾಡ ಸರಿಸಿ ಹೇಳಿದ್ದು ಒಂದೇ ಮಾತು.

“ವೀರಭದ್ರಗ ಈಗ ಬಾ ಅನ್ರಿ. ಸತ್ತಮ್ಯಾಗ ಎಲ್ಲಾರೂ ಬರ್ತಾರ. ಕಣ್ಣಾಗ ಜೀವ ಇದ್ದಾಗ ಒಮ್ಮೆ ನೋಡ್ತೀನಿ.”

ಅವನು ವರಾಂಡಕ್ಕೆ ಬಂದು ಫೋನು ಹಚ್ಚಿದ. ನಾನು ಪಕ್ಕದಲ್ಲೇ ಇದ್ದೆ. ಎಷ್ಟೋ ವರ್ಷಗಳ ಮೇಲೆ ಭಾವ ಮೈದುನ ಮಾತಾಡುತ್ತಿದ್ದರು.

“ವೀರಭದ್ರಾ, ನಾನೋ ಬಕ್ಕಪ್ಪ. ನಿಮ್ಮ ಅಕ್ಕಗ ಸೀರಿಯಸ್ ಅದ.”

ಆ ಕಡೆಯಿಂದ ಸಣ್ಣ ದನಿಯಲ್ಲಿ, “ಮಣ್ಣು ಎಷ್ಟಕ್ಕ ಮಾಮಾ?”

“ಮಣ್ಣಲ್ಲೋ! ಜೀವ ಅದ. ದೇವರಾಣಿ ಉಸುರು ಅದ. ನಿನ್ನ ಹೆಸರ ಹಿಡದು ಕರಿಯಾಕತ್ತಾಳ!”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ಬಕ್ಕಪ್ಪನ ಮುಖ ಸುಣ್ಣದಂತಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಲು ಅವನ ಹತ್ತಿರ ಬೇರೆ ಮಾತೇ ಇರಲಿಲ್ಲ. ಇದ್ದ ಮಾತುಗಳನ್ನೆಲ್ಲ ಹೆಣಗಳ ಮೇಲೆ ಖರ್ಚು ಮಾಡಿ ಮುಗಿಸಿದ್ದ.

“ಅವ್ವನೂ ಹಿಂಗ ಕರದಿದ್ಳು,” ಎಂದ ವೀರಭದ್ರ. “ಮಾಮಾ, ನಾ ಈಗ ಸಣ್ಣಾಂವ ಅಲ್ಲ. ತಡಕೋತೀನಿ. ಸೀರಿ ತಗೊಂಡು ಬರ್ತೀವಿ, ನಾವು ಬರೂತನಕ ಎತ್ತಬ್ಯಾಡ್ರಿ.” ಅವನು ಅಳುತ್ತಿದ್ದ. ಅದು ಸುಳ್ಳು ಅಳುವಲ್ಲ, ನನಗೆ ಚೆನ್ನಾಗಿ ಕೇಳಿಸಿತು. ಫೋನು ಕಟ್ಟಾಯಿತು.

ಸೀರೆ ಎಂದರೆ ಇದು. ಗಂಡನಿರುವಾಗ ಹೆಂಗಸು ಸತ್ತರೆ ಅವಳನ್ನು ತವರಿನ ಸೀರೆ ಉಡಿಸಿಯೇ ಮಣ್ಣು ಮಾಡುತ್ತಾರೆ. ತವರಿನಿಂದ ಅವಳಿಗೆ ಬರುವ ಕಡೆಯ ಸೀರೆ ಅದು. ಅದು ಬರುವವರೆಗೆ ಎತ್ತುವ ಹಾಗಿಲ್ಲ.

ನಾನು ನನ್ನ ಫೋನಿನಿಂದ ಮಾಡಿದೆ. “ಅಲ್ತಾಫ್ ಭಾಯಿ, ನೀವು ಅವರ ಮಗ್ಗಲ ಅಂಗಡಿಯವರು. ನೀವಾದ್ರೂ ಏನು ಹೇಳ್ತೀರಿ ಪಾಪ” ಎಂದು ಇಟ್ಟುಬಿಟ್ಟ. ಅನ್ವರಿ ನರ್ಸಮ್ಮನಿಂದ ಮಾಡಿಸಿದಳು, ಫೋನು ಎಂಗೇಜ್. ನೆಂಟರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದ ಎಂದು ಕಾಣುತ್ತದೆ. ಆಮೇಲೆ ವಿಡಿಯೋ ಕಾಲ್ ಹಚ್ಚಿದೆವು. ಅದನ್ನು ಕತ್ತರಿಸಿದ, ಮತ್ತೆ ಹಚ್ಚಿದರೆ ಮತ್ತೆ ಕತ್ತರಿಸಿದ. ಹೆಣದ ಮುಖವನ್ನು ಫೋನಿನಲ್ಲಿ ತೋರಿಸುತ್ತಾರೆ ಎಂದು ಹೆದರಿದ್ದನಂತೆ, ಆಮೇಲೆ ಗೊತ್ತಾಯಿತು.

ಹುಡಗಿಯಿಂದ ಕಲ್ಯಾಣಕ್ಕೆ ತಾಸೊಪ್ಪತ್ತಿನ ದಾರಿ. ಜೀವ ಇದೆ ಎಂದು ನಂಬಿದ್ದರೆ ಅವನು ಮೋಟಾರ್ ಸೈಕಲ್ ಒದ್ದು ಬಂದುಬಿಡುತ್ತಿದ್ದ. ಸತ್ತವರಿಗೆ ಅವಸರವಿಲ್ಲ. ಮಂದಿ ಕೂಡಬೇಕು, ಕ್ರೂಸರ್ ಗಾಡಿ ಗೊತ್ತು ಮಾಡಬೇಕು, ಹುಮನಾಬಾದಿನ ಪೇಟೆಯಲ್ಲಿ ಸೀರೆ ಕೊಳ್ಳಬೇಕು, ಹಾರ ಕಟ್ಟಿಸಬೇಕು. ಇಲ್ಲಿ ವಿದ್ಯಾವತಿ ಎಚ್ಚರವಾದಾಗಲೆಲ್ಲ “ಬಂದನೇನು?” ಎಂದು ಕೇಳುತ್ತಿದ್ದಳು. ಬಕ್ಕಪ್ಪ “ಬರಾಕತ್ತಾನ” ಎನ್ನುತ್ತಿದ್ದ. ಆ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ.

ಮಧ್ಯಾಹ್ನದ ಮೇಲೆ ರಕ್ತ ನಿಂತಿತು. ಡಾಕ್ಟರರಿಗೇ ಆಶ್ಚರ್ಯ. ಸಂಜೆಗೆ ಅವಳನ್ನು ಐಸಿಯುವಿನಿಂದ ಹೊರಗಿನ ಕೋಣೆಗೆ ತಂದರು. ದಿಂಬಿಗೆ ಒರಗಿಸಿ ಕೂರಿಸಿದೆವು. ತಮ್ಮ ಬರುತ್ತಾನೆ ಎಂದು ಅನ್ವರಿಯ ಕೈಯಿಂದ ತಲೆ ಬಾಚಿಸಿಕೊಂಡಳು, ಹಣೆಗೆ ಕುಂಕುಮ ಇಡಿಸಿಕೊಂಡಳು. ಆಗ ಹೊರಗೆ ವರಾಂಡದಲ್ಲಿ ಹೆಂಗಸರು ಹಾಡಿ ಅಳುವುದು ಕೇಳಿಸಿತು.

“ಪಾಪ, ಯಾರೋ ಹೋದ್ರು ನೋಡು,” ಎಂದಳು ವಿದ್ಯಾವತಿ. ಕೈ ಎತ್ತಿ ನಮಸ್ಕಾರ ಮಾಡಿದಳು.

ಅಳು ಹತ್ತಿರ ಬಂತು. “ತವರಿಗೆ ದೀಪಾಗಿದ್ಯಲ್ಲಾ ಅಕ್ಕಾ, ಬಂದ್ರ ಮನಿ ಬೆಳಗತಿತ್ತಲ್ಲಾ ಅಕ್ಕಾ, ಎಲ್ಲಿ ಹೋದೀ ವಿದ್ಯಕ್ಕಾ…” ಅದು ವೀರಭದ್ರನ ಹೆಂಡತಿ ಲಲಿತಾಬಾಯಿಯ ದನಿ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅಕ್ಕಾ ಹೇಗಿದ್ದೀ ಎಂದು ಕೇಳದ ದನಿ. ವಿದ್ಯಾವತಿ ತನ್ನ ಹೆಸರು ಕೇಳಿ ನಮ್ಮ ಮುಖ ನೋಡಿದಳು. ನಾವು ಯಾರೂ ಅವಳ ಮುಖ ನೋಡಲಿಲ್ಲ.

ಬಾಗಿಲು ತೆರೆಯಿತು. ಮುಂದೆ ವೀರಭದ್ರ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದ ಬಾಯಲ್ಲಿ ಹಸಿರು ಸೀರೆಯ ಅಂಚು. ಇನ್ನೊಂದು ಕೈಯಲ್ಲಿ ಹಾರ. ಅಕ್ಕ ಕಣ್ಣು ತೆರೆದು ಕೂತದ್ದನ್ನು ಕಂಡು ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಹಿಂದೆ ಲಲಿತಾಬಾಯಿಯ ಹಾಡು ಅರ್ಧಕ್ಕೆ ನಿಂತಿತು.

“ಬಂದ್ಯಾ ತಮ್ಮಾ,” ಎಂದಳು ವಿದ್ಯಾವತಿ. “ಏನದು, ನನಗ ತಂದೀಯಾ?”

ಭಾವನ ಸುಳ್ಳಿನಿಂದ ನಗೆಪಾಟಲಾಗಿದ್ದ ವೀರಭದ್ರ ಆ ಬಾಗಿಲಲ್ಲಿ ನಿಂತು ತನ್ನ ಜೀವನದ ಮೊದಲ ಒಳ್ಳೆಯ ಸುಳ್ಳು ಹೇಳಿದ. “ಹೌದಕ್ಕಾ. ಪಂಚಮಿ ಸೀರಿ. ಕೊಡೋದು ಉಳದಿತ್ತು.”

ಅವಳು ಕೈ ಚಾಚಿದಳು. ಅವನು ಕೊಡಲೇಬೇಕಾಯಿತು. ಚೀಲದಿಂದ ಸೀರೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಮಡಿಕೆಯ ಸಂದಿಯಲ್ಲಿ ಬೆರಳಾಡಿಸಿದಳು. ಬದುಕಿದ ಹೆಂಗಸಿಗೆ ಕೊಡುವ ಸೀರೆಯ ಮಡಿಕೆಯಲ್ಲಿ ಕುಪ್ಪಸದ ಖಣ ಇರುತ್ತದೆ. ಖಣವಿಲ್ಲದೆ ಸೀರೆ ಕೊಡುವುದು ಒಬ್ಬರಿಗೆ ಮಾತ್ರ. ಅದಕ್ಕೆಂದೇ ಬೇರೆ ಸೀರೆ ಇರುತ್ತದೆ, ಬಲೆಯಂತೆ ತೆಳ್ಳಗೆ, ಮುಟ್ಟಿದರೆ ಬಣ್ಣ ಬಿಡುವಂಥದ್ದು. ಹೇಗೂ ಮಣ್ಣಿಗೆ ಹೋಗುವುದು ಎಂದು ಯಾರೂ ಒಳ್ಳೆಯದು ಕೊಳ್ಳುವುದಿಲ್ಲ.

“ಖಣ ಎಲ್ಲಿ ತಮ್ಮಾ?” ಎಂದು ಕೇಳಿದಳು.

ಲಲಿತಾಬಾಯಿ ಮುಂದೆ ಬಂದು, “ಅವಸರದಾಗ ಮರತ ಬಂತಕ್ಕಾ” ಎಂದಳು.

“ಹಾರ ಮರೀಲಿಲ್ಲಲ್ಲ,” ಎಂದಳು ವಿದ್ಯಾವತಿ.

ವೀರಭದ್ರ ಹಾರವನ್ನು ಬೆನ್ನ ಹಿಂದೆ ಸರಿಸಿದ. ಬಾ, ಕೂಡು ಎಂದು ಅವಳು ಮಂಚದ ಅಂಚು ತಟ್ಟಿದಳು. ಅವನು ಕೂರಲಿಲ್ಲ. “ಗಾಡ್ಯಾಗ ಮಂದಿ ಕುಂತಾರಕ್ಕಾ” ಎಂದ. ಎಂಟು ಹತ್ತು ವರ್ಷ ಕಾದ ಅಕ್ಕನ ಮುಂದೆ ಅವನು ನಿಂತದ್ದು ಒಂದು ಚಹಾ ಆರುವಷ್ಟು ಹೊತ್ತೂ ಇಲ್ಲ. ಮಣ್ಣಿಗೆಂದು ಬಂದ ಮುದುಕನೊಬ್ಬ ಗಾಡಿ ಹತ್ತುತ್ತಾ, “ಸುಮ್ಮ ಹಾದಿ ಸವೀತು” ಎಂದು ಗೊಣಗಿದ. ಕಿಟಕಿ ತೆರೆದಿತ್ತು. ಅವಳಿಗೂ ಕೇಳಿಸಿತು.

ಅವಳು ಬದುಕಿ ಮನೆಗೆ ಬಂದಳು. ಅವಳು ಬದುಕಿದ್ದು ಹುಡಗಿಯವರಿಗೆ ದೊಡ್ಡ ತೊಂದರೆಯಾಯಿತು. ಜೀವಂತ ಅಕ್ಕನಿಗೆ ಮಣ್ಣಿನ ಸೀರೆ ಒಯ್ದವನು ಎಂದು ಊರಲ್ಲಿ ವೀರಭದ್ರನನ್ನು ಆಡಿಕೊಂಡು ನಕ್ಕರು. ಹಿಂದೆ ಸಿಲಿಂಡರಿಗೆ ನಕ್ಕಿದ್ದರು, ಈಗ ಸೀರೆಗೆ. ಮುಂದಿನ ಪಂಚಮಿಗೆ ಅವನು ಬರಲಿಲ್ಲ, ಲಲಿತಾಬಾಯಿಯಿಂದ ಹೇಳಿ ಕಳಿಸಿದ. ಕಡೆಯ ಸೀರೆ ಕೊಟ್ಟ ಮೇಲೆ ಮತ್ತೆ ಸೀರೆ ಕೊಟ್ಟರೆ ಕೊಟ್ಟವರ ಮನೆಗೆ ಕೇಡಂತೆ, ಹಿರಿಯರು ಬೇಡ ಅಂದರಂತೆ. ತವರಿನ ಲೆಕ್ಕದಲ್ಲಿ ಅವಳ ಕೆಲಸ ಮುಗಿದಿತ್ತು.

ಆ ಪಂಚಮಿಯ ದಿನ ವಿದ್ಯಾವತಿ ತಲೆಗೆ ಎರೆದುಕೊಂಡು, ಆ ಹಸಿರು ಸೀರೆಯನ್ನೇ ಉಟ್ಟು, ಹಳೆಯ ಕೆಂಪು ಕುಪ್ಪಸ ತೊಟ್ಟು ನನ್ನ ಅಂಗಡಿಯ ಕಟ್ಟೆಯ ಮೇಲೆ ಬಂದು ಕೂತಳು. ಸೀರೆಯ ಗುರುತು ಹಿಡಿದ ಹೆಂಗಸರು ರಸ್ತೆಯ ಆ ಬದಿಗೆ ಸರಿದು ನಡೆದರು. “ಅಲ್ತಾಫ್, ನಿನ್ನ ಫೋನಿನಾಗ ನಂದೊಂದು ಫೋಟೋ ತಗೀಯಪ್ಪಾ,” ಎಂದಳು. “ಹ್ಯಾಂಗೂ ನಿನ್ನ ಅಂಗಡಿಗೇ ಬರೋದದ. ಸೀರಿ ಕಾಣೂವಂಗ ತಗಿ.” ನಾನು ತೆಗೆಯಲಿಲ್ಲ. ನನಗೆ ಅವಳನ್ನು ಕಂಡು ಭಯವಾಗಿತ್ತು.

ಆಮೇಲೆ ಅವಳು ಆ ಸೀರೆಯನ್ನು ಕತ್ತರಿಸಿ, ಹಳೆಯ ಧೋತರ, ಹಳೆಯ ಸೀರೆಗಳ ಜೊತೆ ಸೇರಿಸಿ ಕೌದಿ ಹೊಲಿದಳು. ಇಡೀ ಚಳಿಗಾಲ ಹೊಲಿದಳು. ಮುಗಿದ ದಿನ ಗಂಡನ ಹಾಸಿಗೆಯ ಮೇಲೆ ಹಾಕಿ, “ನೀವ ಹೊತ್ಕೊಂಡು ಮಲಗ್ರಿ. ನಿಮ್ಮ ಗಳಿಕಿ ಇದು” ಎಂದಳು. ಬಕ್ಕಪ್ಪ ಹೊದ್ದುಕೊಂಡ. ಅದರಡಿ ಅವನಿಗೆ ನಿದ್ದೆ ಬರುತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಯಾರಿಗೂ ಫೋನು ಮಾಡುವುದನ್ನು ಮಾತ್ರ ಬಿಟ್ಟ. ಹೆಣ ಬಿದ್ದ ಮನೆಯವರು ಬಂದರೆ ಝೆರಾಕ್ಸ್ ಯಂತ್ರದ ಹಿಂದೆ ಕೂತು ತಲೆ ಅಲ್ಲಾಡಿಸುತ್ತಿದ್ದ. ಅವನ ಈ ವೈರಾಗ್ಯಕ್ಕೆ ನಾನು ಮರುಗಲಿಲ್ಲ. ನನ್ನ ತಂಗಿ ಇನ್ನೂ ಬಂದು ಕೇಳುತ್ತಿದ್ದಳು, ಅವನು ಇನ್ನೂ ‘ಎರಡ ಸಲ’ ಎನ್ನುತ್ತಿದ್ದ.

ಈ ವರ್ಷ ಬೇಸಿಗೆಯಲ್ಲಿ ವಿದ್ಯಾವತಿ ಹೋದಳು. ಬೆಳಗ್ಗೆ ರೊಟ್ಟಿ ತಟ್ಟುತ್ತಾ ಪಕ್ಕಕ್ಕೆ ವಾಲಿದಳು, ತಮ್ಮನನ್ನು ಹೊತ್ತ ಕಡೆಗೇ. ಆಸ್ಪತ್ರೆಯ ಮಾತೇ ಬರಲಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೊರಗಿಸಿ ಕೂರಿಸಿದರು. ಬಕ್ಕಪ್ಪ ಫೋನು ಹಿಡಿದು ಹಿತ್ತಲಿಗೆ ಬಂದ. ನಾನೇ ನಂಬರು ಹಚ್ಚಿ, ಸ್ಪೀಕರಿಗೆ ಹಾಕಿ ಅವನ ಬಾಯಿಯ ಮುಂದೆ ಹಿಡಿದೆ.

“ವೀರಭದ್ರಾ,” ಎಂದ. “ನಿಮ್ಮ ಅಕ್ಕ ಸತ್ತಳು.”

ಇಷ್ಟು ವರ್ಷದಲ್ಲಿ ಆ ಶಬ್ದ ಅವನ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಈ ಸಲ ಸತ್ತಳು ಅಂತೀರೇನು,” ಎಂದ ವೀರಭದ್ರ. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. “ಮಾಮಾ, ನಾವು ಅಳೋದು ಆಗಲೇ ಅತ್ತೀವಿ. ಸೀರಿನೂ ಕೊಟ್ಟೀವಿ. ಅಲ್ಲೇ ಅದಲ್ಲಾ, ಉಡಸ್ರಿ.”

ಫೋನು ಕಟ್ಟಾಯಿತು. ಮನೆಯೊಳಗಿನಿಂದ ಹೆಂಗಸರು, “ಹುಡಗಿಯವರು ಬರಾಕತ್ತಾರೇನ್ರಿ?” ಎಂದು ಕೂಗಿ ಕೇಳಿದರು.

“ಬರಾಕತ್ತಾರ,” ಎಂದ ಬಕ್ಕಪ್ಪ. “ಹುಮನಾಬಾದ್ ದಾಟ್ಯಾರಂತ.”

ನನಗೆ ಅವನ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಅವನ ಮಾತು ಕೇಳಿ ಓಣಿಯೆಲ್ಲ ಕೂತು ಕಾಯಿತು. ಬಿಸಿಲಿಗೆ ಹಾರ ಬಾಡಿತು. ಗುಂಡಿ ತೋಡಿದವರು ಎರಡು ಸಲ ಬಂದು ಕೇಳಿ ಹೋದರು. ಹೊತ್ತು ಇಳಿಯತೊಡಗಿದಾಗ ಹಿರಿಯಳೊಬ್ಬಳು, ತವರಿನ ಸೀರೆ ಬರದೆ ಹೇಗೆ ಎತ್ತುವುದು ಎಂದು ತಗಾದೆ ತೆಗೆದಳು. ಬಕ್ಕಪ್ಪ ಎದ್ದು ಒಳಗೆ ಹೋಗಿ ಕೌದಿ ತಂದು ಹೆಂಡತಿಯ ತೊಡೆಯ ಮೇಲೆ ಹಾಸಿದ.

“ಇದರಾಗದ ತವರ ಸೀರಿ,” ಎಂದ.

ಹಸಿರು ತುಂಡುಗಳ ಗುರುತು ಹಿಡಿದ ಮುದುಕಿ ಹಿಂದಕ್ಕೆ ಸರಿದಳು. ಬಕ್ಕಪ್ಪ ಅವಳ ಮಗ್ಗುಲಲ್ಲಿ ಮಂಡಿಯೂರಿ ಕೂತು, ಬಾಡಿದ ಹೂವು ಸರಿಸಿ, ಕಿವಿಯ ಹತ್ತಿರ ಬಾಯಿಟ್ಟ. ನಾನು ಹಿಂದೆಯೇ ನಿಂತಿದ್ದೆ.

“ತಮ್ಮ ಹಾದ್ಯಾಗ ಅದಾನ,” ಎಂದ. “ನಿನ್ನ ಹೆಸರ ಹಿಡದು ಕರಿಯಾಕತ್ತಾನ.”

ಆಮೇಲೆ ಎದ್ದು ನಿಂತು, ಹೊರಗಿದ್ದ ಗಂಡಸರಿಗೆ “ಎತ್ರಿ” ಎಂದ.